ಬಕಿಯೋ ಜಡ್ಜೋ: ವ್ಯಾಲರಂಟ್‌ನಲ್ಲಿ ಯಾವ ಶಾಟ್‌ಗನ್ ಕೊಳ್ಳಬೇಕು?

ವ್ಯಾಲರಂಟ್ ಎಂಬ ಗುಂಡು ಹಾರಿಸುವ ವಿಡಿಯೋ ಗೇಮ್ ಆಡುವ ಸುರತ್ಕಲ್‌ನ ನನ್ನ ತಮ್ಮ ಮೊನ್ನೆ ಕೇಳಿದ: 'ಅಣ್ಣ, ಶಾಟ್‌ಗನ್ ತಗೊಂಡ್ರೆ ದೂರದವ ಸಾಯುವುದೇ ಇಲ್ಲ ಮಾರಾಯ, ಯಾಕೆ?'

ಕಾರಣ ಆಟದ ಲೆಕ್ಕದಲ್ಲಿದೆ. ನಮ್ಮ ಅಡಿಕೆ ತೋಟದ ತೋಟೆ ಕೋವಿ ಮೂವತ್ತು ಮೀಟರ್ ಆಚೆಗೂ ನಾಟುತ್ತದೆ. ಆಟದಲ್ಲಿ ಹಾಗೆ ಬಿಟ್ಟರೆ 2,900 ಕ್ರೆಡಿಟ್ (ಆಟದೊಳಗಿನ ದುಡ್ಡು) ಕೊಟ್ಟು ವ್ಯಾಂಡಲ್ ರೈಫಲ್ ಕೊಳ್ಳುವವರು ಯಾರು? ಅದಕ್ಕೇ ದೂರ ಹೋದಂತೆ ಚರೆಯ ಪೆಟ್ಟನ್ನು ಮೆಟ್ಟಿಲಿನ ಹಾಗೆ ಇಳಿಸಿದ್ದಾರೆ.

850 ಕ್ರೆಡಿಟ್‌ನ ಬಕಿ ಒಮ್ಮೆಗೆ 15 ಚರೆ ಉಗುಳುತ್ತದೆ. 8 ಮೀಟರ್ ಒಳಗೆ, ಅಂದರೆ ಮೂರು ರಿಕ್ಷಾ ಸಾಲಾಗಿ ನಿಂತಷ್ಟು ದೂರಕ್ಕೆ, ಮೈಗೆ ಬಿದ್ದ ಚರೆಗೆ ತಲಾ 20 ಅಂಕದ ಪೆಟ್ಟು. ಪೂರ್ತಿ ಶೀಲ್ಡ್ (ರಕ್ಷಾಕವಚ) ಹಾಕಿದವನ ಜೀವ, ಶೀಲ್ಡ್ ಸೇರಿದ 150 ಅಂಕ ಇಳಿಸಲು ಎಂಟು ಚರೆ ಸಾಕು. 12 ಮೀಟರ್ ದಾಟಿದರೆ ತಲಾ 9; ಹದಿನೈದೂ ಮೈಗೇ ಬಿದ್ದರೂ 135, ಅವ ಬದುಕಿ ಉಳಿದ!

1,850ರ ಜಡ್ಜ್‌ನಲ್ಲಿ 12 ಚರೆ, 10 ಮೀಟರ್‌ವರೆಗೆ ತಲಾ 17. ಒಂದೊಂದು ಈಡು ಬಕಿಗಿಂತ ಸಪ್ಪೆ, ಆದರೆ ಗುಂಡಿ ಒತ್ತಿ ಹಿಡಿದರೆ ಬಿಡದೆ ಹಾರುತ್ತದೆ. ಮೊದಲ ಈಡು ತಪ್ಪಿದರೂ ಎರಡನೆಯದು ಕಾಯುತ್ತದೆ. ಬಕಿಯಲ್ಲಿ ಆ ನಡುವಿನ ಗ್ಯಾಪಿನಲ್ಲೇ ನಾನು ಎಷ್ಟೋ ಸಲ ಸತ್ತಿದ್ದೇನೆ.

ದುಡ್ಡಿಲ್ಲದ ರೌಂಡಿನಲ್ಲಿ ಬಕಿಯೇ ಸರಿ, ಮೂಲೆ ಹಿಡಿದು ಒಬ್ಬನನ್ನು ಕಾಯಲಿಕ್ಕೆ. ಬೈಂಡ್ ಎಂಬ ಮ್ಯಾಪಿನ ಹುಕ್ಕಾ ಕೋಣೆಗೆ ಇಬ್ಬರು ಮೂವರು ನುಗ್ಗುತ್ತಾರೆ ಅಂತ ಗೊತ್ತಿದ್ದರೆ ಜಡ್ಜ್ ತಗೊ. ಉದ್ದ ಓಣಿಗೆ ಎರಡೂ ಬೇಡ.