ಮೂರು ಕೊಟ್ಟಿಗೆ ನೋಡಿದೆವು, ಊರೊಳಗಿನದನ್ನೇ ಕೊಂಡೆವು

ಮೊದಲೇ ಹೇಳಿಬಿಡುತ್ತೇನೆ. ಮನೆ ಮಾಡಿಕೊಳ್ಳೋಣ ಅಂತ ನಾವು ಕೊಂಡಿದ್ದು ಫ್ರಾನ್ಸಿನ ತಾರ್ನ್ ಜಿಲ್ಲೆಯಲ್ಲಿ, ಗಯಾಕ್ ಪಟ್ಟಣದ ಆಚೆ ಒಂದು ಊರಿನ ನಡುವೆ ಇರುವ ಕೊಟ್ಟಿಗೆ. ನೋಡಿದ ಮೂರರಲ್ಲಿ ಅದೇ ಪೆಚ್ಚು. ಬಾಗಿಲು ತೆಗೆದರೆ ರಸ್ತೆ, ಹಿತ್ತಲು ಅಂದರೆ ಎರಡು ಕಾರು ನಿಲ್ಲಿಸುವಷ್ಟು ಜಾಗ. ಆದರೂ ನಾಳೆ ಮತ್ತೆ ಕೊಳ್ಳಬೇಕಾಗಿ ಬಂದರೆ ಅದನ್ನೇ ಕೊಳ್ಳುತ್ತೇನೆ.

ಕೆಲಸ ಟುಲೂಸ್‌ನಲ್ಲಿ. 2021ರಲ್ಲಿ ವಾರಕ್ಕೆ ಎರಡೇ ದಿನ ಆಫೀಸು ಅಂತಾದಾಗ ಹಳ್ಳಿಯ ಹುಚ್ಚು ಹಿಡಿಯಿತು. ಬೇಸಾಯ ಬಿಟ್ಟವರ ಕಲ್ಲಿನ ಕೊಟ್ಟಿಗೆಗಳು ಇಲ್ಲಿ ಬೇಕಾದಷ್ಟಿವೆ. ಗ್ರಾಂಜ್ ಅಂತಾರೆ. ಕೆಳಗೆ ದನ, ಮೇಲೆ ಅಟ್ಟದಲ್ಲಿ ಒಣಹುಲ್ಲು. ನಮ್ಮ ಲೆಕ್ಕ ರಿಪೇರಿಯೂ ಸೇರಿ 2.3 ಲಕ್ಷ ಯುರೋ. ನನಗೆ ಮೊಳೆ ಹೊಡೆಯಲೂ ಸರಿಯಾಗಿ ಬರುವುದಿಲ್ಲ. ಜೊತೆಗೆ ಬೇಸಿಗೆಯಲ್ಲಿ ಅಪ್ಪ ಅಮ್ಮ ತೀರ್ಥಹಳ್ಳಿಯಿಂದ ಬಂದು ಮೂರು ತಿಂಗಳು ಇರುತ್ತಾರೆ. ಅಮ್ಮನ ಮಂಡಿಗೆ ಮೆಟ್ಟಿಲು ಆಗದು.

ಮೊದಲು ಮನಸ್ಸು ಕದ್ದದ್ದು ಅವೇರೋನ್ ಜಿಲ್ಲೆಯ ಒಂಟಿ ಕೊಟ್ಟಿಗೆ. ಎರಡು ಎಕರೆ ಹುಲ್ಲುಗಾವಲು, ಬರೀ 38 ಸಾವಿರ. ಚಾವಣಿಗೆ ಹೆಂಚಲ್ಲ, ಲೋಜ್ ಅನ್ನುವ ಚಪ್ಪಡಿ ಕಲ್ಲು. ಒಳಗೆ ಗೋದಲಿಯ ಮರ ದನಗಳ ಕುತ್ತಿಗೆ ಉಜ್ಜಿ ಉಜ್ಜಿ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿತ್ತು. ನನ್ನವಳು ಅದರ ಮೇಲೆ ಕೈಯಾಡಿಸುತ್ತಾ ನಿಂತಳು. ಏಜೆಂಟನಿಗೆ ಅಷ್ಟೇ ಸಾಕಾಯಿತು.

"ಪರ್ಮಿಷನ್ ಸಿಗುತ್ತಾ?" ಅಂದೆ. "ಸರ್ಟಿಫಿಕೇಟ್ ಇದೆಯಲ್ಲ" ಅಂತ ಒಂದು ಕಾಗದ ಕೊಟ್ಟ. ಸೆರ್ತಿಫಿಕಾ ದ್ಯುರ್ಬಾನಿಸ್ಮ್. ಮೇರಿಯ, ಅಂದರೆ ಊರಿನ ಪಂಚಾಯ್ತಿಯಂಥ ಕಚೇರಿಯ ಮೊಹರು ಇತ್ತು. ನಾನು ಖುಷಿಯಾಗಿ ಮಡಚಿ ಜೇಬಿಗಿಟ್ಟುಕೊಂಡೆ.

ಈ ಸರ್ಟಿಫಿಕೇಟಿನಲ್ಲಿ ಎರಡು ಬಗೆ ಇದೆ ಅಂತ ಗೊತ್ತಾಗಿದ್ದು ಆಫೀಸಿನ ಹಿರಿಯ ಸಹೋದ್ಯೋಗಿಯೊಬ್ಬರಿಗೆ ತೋರಿಸಿದಾಗ. ಒಂದು ಸುಮ್ನೆ ಮಾಹಿತಿಗೆ. ಈ ಜಾಗಕ್ಕೆ ಯಾವ ನಿಯಮ, ಯಾವ ತೆರಿಗೆ ಅಂತ ಪಟ್ಟಿ ಕೊಡುತ್ತದೆ, ಅಷ್ಟೆ. ನೀವು ಅಲ್ಲಿ ಮನೆ ಮಾಡಬಹುದಾ ಅನ್ನುವ ಪ್ರಶ್ನೆಗೆ ಅದರಲ್ಲಿ ಉತ್ತರವೇ ಇರುವುದಿಲ್ಲ. ಉತ್ತರ ಇರುವುದು ಇನ್ನೊಂದರಲ್ಲಿ, ಅದಕ್ಕೆ ಒಪೆರಾಸ್ಯೋನೆಲ್ ಅಂತ ಹೆಸರು. ಮೊದಲನೆಯದಕ್ಕೆ ಒಂದು ತಿಂಗಳು, ಎರಡನೆಯದಕ್ಕೆ ಎರಡು ತಿಂಗಳು. ಎರಡೂ ಪುಕ್ಕಟೆ. ಏಜೆಂಟ್ ಕೊಟ್ಟಿದ್ದು ಮೊದಲನೆಯದು.

ಬೆಂಗಳೂರಲ್ಲಿ ಸೈಟ್ ಹುಡುಕಿದವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಡಿಸಿ ಕನ್ವರ್ಷನ್ ಆಗದ ರೆವಿನ್ಯೂ ಜಾಗವನ್ನು "ಇಲ್ಲಿ ಎಲ್ಲರೂ ಕಟ್ಟಿದಾರೆ ಸಾರ್" ಅಂತ ಮಾರುತ್ತಾರಲ್ಲ, ಥೇಟ್ ಅದೇ. ಕೊಟ್ಟಿಗೆ ಇದ್ದದ್ದು ಕೃಷಿ ವಲಯದಲ್ಲಿ. ಅಲ್ಲಿನ ಹಳೇ ಕಟ್ಟಡ ಮನೆಯಾಗಬೇಕಾದರೆ ಆಗ ಊರಿನ ಯೋಜನಾ ನಕ್ಷೆಯಲ್ಲಿ ಅದನ್ನು ಮೊದಲೇ ಗುರುತಿಸಿರಬೇಕಿತ್ತು. ಎಷ್ಟೋ ನಕ್ಷೆಗಳಲ್ಲಿ ಅದು ಒಂದು ಪುಟ್ಟ ನಕ್ಷತ್ರ. ಗುರುತಿದ್ದರೂ ಸಾಲದು, ಆಮೇಲೆ ಜಿಲ್ಲಾ ಮಟ್ಟದ ಆಯೋಗವೊಂದು ಒಪ್ಪಬೇಕು. ನಕ್ಷೆ ಸರ್ಕಾರಿ ವೆಬ್‌ಸೈಟಿನಲ್ಲೇ ಇರುತ್ತದೆ. ಆ ರಾತ್ರಿ ನಾವಿಬ್ಬರೂ ಲ್ಯಾಪ್‌ಟಾಪ್ ಪರದೆಗೆ ಮೂಗು ತಾಗಿಸಿ ಹುಡುಕಿದೆವು. ಅಕ್ಕಪಕ್ಕದ ಮೂರು ಕೊಟ್ಟಿಗೆಗೆ ನಕ್ಷತ್ರ ಇತ್ತು. ನಮ್ಮದಕ್ಕೆ ಇಲ್ಲ.

ಆದರೂ ಆಸೆ ಬಿಡಲಿಲ್ಲ ನೋಡಿ. ಎರಡನೇ ಸರ್ಟಿಫಿಕೇಟ್ ನಮ್ಮ ಪರ ಬಂದರೆ ಮಾತ್ರ ಖರೀದಿ ಅಂತ ಕರಾರಿನಲ್ಲಿ ಷರತ್ತು ಬರೆಸಿದೆವು. ಏಜೆಂಟ್ ಮುಖ ಹುಳ್ಳಗೆ ಮಾಡಿದ. ಬೇರೆ ಗಿರಾಕಿ ಕಾಯುತ್ತಿದ್ದಾರೆ ಅಂದ. ಐವತ್ತೆಂಟನೇ ದಿನ ಉತ್ತರ ಬಂತು: ಆಗದು. ಕಾರಣ ಎರಡು. ನಕ್ಷೆಯಲ್ಲಿ ಗುರುತಿಲ್ಲ ಅನ್ನುವುದು ಒಂದು. ಇನ್ನೊಂದನ್ನು ನಾವು ಯೋಚಿಸಿಯೂ ಇರಲಿಲ್ಲ. ಎಪ್ಪತ್ತು ಮೀಟರ್ ಆಚೆ ಒಬ್ಬ ರೈತನ ದೊಡ್ಡ ದನದ ಹಟ್ಟಿ ಇತ್ತು. ದೊಡ್ಡ ಹಟ್ಟಿಯನ್ನು ಮನೆಗಳಿಂದ 100 ಮೀಟರ್ ದೂರ ಕಟ್ಟಬೇಕು ಅಂತ ನಿಯಮ. ಅದು ತಿರುಗಿಸಿಯೂ ಅನ್ವಯಿಸುತ್ತದೆ: ಹಟ್ಟಿಯ ಹತ್ತಿರ ಹೊಸದಾಗಿ ಮನೆಯೂ ಬರುವಂತಿಲ್ಲ. ಮಲೆನಾಡಲ್ಲಿ ಮನೆಗೆ ಅಂಟಿಕೊಂಡೇ ಕೊಟ್ಟಿಗೆ ಇಟ್ಟುಕೊಂಡು ಬೆಳೆದವನಿಗೆ ಇದು ನಗು ಬರಿಸುವ ಮಾತು. ನಗಲಿಲ್ಲ. ಷರತ್ತು ಇದ್ದದ್ದರಿಂದ ಮುಂಗಡ ಪೂರ್ತಿ ವಾಪಸ್ ಬಂತು. ಹೋದದ್ದು ನಾಲ್ಕು ತಿಂಗಳು.

ಅಲ್ಲಿ ಒಳಚರಂಡಿಯೂ ಇರಲಿಲ್ಲ. ಸೆಪ್ಟಿಕ್ ವ್ಯವಸ್ಥೆಗೆ ಸಿಕ್ಕ ಅಂದಾಜು 11 ಸಾವಿರ ಯುರೋ. ಕರೆಂಟ್ ಕಂಬವೂ ದೂರ.

ಜೆರ್ಸ್ ಜಿಲ್ಲೆಯದು ಆಗಲೇ ಮನೆಯಾಗಿದ್ದ ಕೊಟ್ಟಿಗೆ. 2.85 ಲಕ್ಷ. ನಮ್ಮ ಲೆಕ್ಕ ಮೀರಿದ್ದು, ಆದರೂ ಆಸೆಗೆ ಹೋಗಿ ನೋಡಿದೆವು. ಕಲ್ಲಿನ ಗೋಡೆಗೆ ಒಳಗಿಂದ ಸಿಮೆಂಟ್ ಮೆತ್ತಿದ್ದರು. ಮಣ್ಣು, ಸುಣ್ಣ ಹಾಕಿ ಕಟ್ಟಿದ ಹಳೇ ಗೋಡೆ ನೆಲದ ತೇವ ಹೀರಿ ಹೊರಗೆ ಬಿಡುತ್ತಿರುತ್ತದೆ. ಸಿಮೆಂಟ್ ಬಿದ್ದರೆ ತೇವ ಒಳಗೇ ಉಳಿಯುತ್ತದೆ. ಮೂಲೆಯ ಬೀರು ಸರಿಸಿದರೆ ಹಿಂದೆ ಮೊಣಕಾಲೆತ್ತರಕ್ಕೆ ಬೂಷ್ಟು. ಅಜ್ಜನ ಮನೆಯ ಸುಣ್ಣದ ಗಾರೆ ಕಂಡವನಿಗೆ ಅದನ್ನೆಲ್ಲಾ ಕೆತ್ತಿಸುವ ಖರ್ಚು ಕಣ್ಣ ಮುಂದೆ ಬಂತು. ಸ್ನಾನದ ಮನೆ ಬೇರೆ ಮಹಡಿ ಮೇಲೆ. ಈಜುಕೊಳ ಚೆನ್ನಾಗಿತ್ತು.

ಈಗ ನಮ್ಮದು. 72 ಸಾವಿರ. ಊರಿನ ಕಟ್ಟಡ ವಲಯದಲ್ಲಿ ಇರುವುದರಿಂದ ನಕ್ಷತ್ರದ ಗೋಳಿಲ್ಲ. ನೀರು, ಒಳಚರಂಡಿ, ಕರೆಂಟ್ ಮೂರೂ ಬಾಗಿಲ ಮುಂದಿನ ರಸ್ತೆಯಲ್ಲೇ ಇದ್ದವು. ಚಾವಣಿಗೆ ನಮ್ಮ ನಾಡಹೆಂಚಿನಂಥದೇ ಅರ್ಧ ಕೊಳವೆ ಹೆಂಚು. ಒಡೆದವನ್ನು ಬದಲಾಯಿಸಿದರೆ ಆಯ್ತು. ಹೊಸ ಕಿಟಕಿ ಬೇಕಿದ್ದರಿಂದ ಕಟ್ಟಡ ಪರವಾನಗಿ ತೆಗೆದುಕೊಳ್ಳಬೇಕಾಯಿತು. ಮನೆ 150 ಚದರ ಮೀಟರ್ ದಾಟಿದರೆ ಆರ್ಕಿಟೆಕ್ಟ್ ಕಡ್ಡಾಯ. ಕೆಳಗಿನ ಒಂದು ಭಾಗವನ್ನು ಗ್ಯಾರೇಜಾಗಿ ಉಳಿಸಿ 138ಕ್ಕೆ ನಿಲ್ಲಿಸಿದೆವು, ಗ್ಯಾರೇಜ್ ಲೆಕ್ಕಕ್ಕೆ ಬರುವುದಿಲ್ಲ.

ಕಿರಿಕಿರಿ ಇಲ್ಲ ಅಂತಲ್ಲ. ಸಮೀಪದಲ್ಲೇ ಸಂರಕ್ಷಿತ ಇಗರ್ಜಿ ಇರುವುದರಿಂದ ಸ್ಮಾರಕಗಳ ಅಧಿಕಾರಿಯ ಒಪ್ಪಿಗೆಯೂ ಬೇಕಿತ್ತು. ಪರವಾನಗಿಗೆ ಎರಡರ ಬದಲು ಮೂರು ತಿಂಗಳು ಹಿಡಿಯಿತು. ಪ್ಲಾಸ್ಟಿಕ್ ಕಿಟಕಿ ಬೇಡ, ಮರದ್ದೇ ಆಗಬೇಕು ಅಂದರು. ಜೇಬಿಗೆ ಬಿಸಿ ತಟ್ಟಿತು. ಬೆಳಿಗ್ಗೆ ಏಳಕ್ಕೆ ಗಂಟೆ ಬಡಿಯುತ್ತದೆ, ಭಾನುವಾರವೂ. ಪಕ್ಕದ ಮನೆಯವರು ನಮ್ಮ ಒಗ್ಗರಣೆಗೆ ಸೀನುತ್ತಾರೆ. ಅಟ್ಟದಲ್ಲಿ ಬಾವಲಿಗಳಿದ್ದವು. ಅವಕ್ಕೂ ಕಾನೂನಿನ ರಕ್ಷಣೆ ಇದೆ, ಹಾಗಾಗಿ ಮರಿಗಳು ಹಾರುವವರೆಗೆ ಮೇಲಿನ ಕೆಲಸ ನಿಲ್ಲಿಸಿ ಕೂತೆವು. ಒಟ್ಟು ಖರ್ಚು 2.2 ಲಕ್ಷ ಮುಟ್ಟಿತು. ಅಮ್ಮನ ಕೋಣೆ, ಸ್ನಾನದ ಮನೆ ಎರಡೂ ನೆಲಮಟ್ಟದಲ್ಲೇ ಆಗಿವೆ.

ಮರಗೆಲಸ, ಗಾರೆ ಕೆಲಸ ಸ್ವತಃ ಬರುತ್ತದೆ, ಎರಡು ವರ್ಷ ಕ್ಯಾರವಾನ್‌ನಲ್ಲಿ ಮಲಗಲೂ ತಯಾರು ಅನ್ನುವವರು ಒಂಟಿ ಕೊಟ್ಟಿಗೆಯನ್ನೇ ನೋಡಿ. ನಕ್ಷತ್ರ ಇರುವುದನ್ನು ನೋಡಿ. ಅವೇರೋನ್‌ನದು ಇನ್ನೂ ಮಾರಾಟವಾಗಿಲ್ಲ. ಮೊನ್ನೆ ಜಾಹೀರಾತು ಕಣ್ಣಿಗೆ ಬಿತ್ತು. ಈಗ 31 ಸಾವಿರ. ಗೋದಲಿಯ ಫೋಟೋನೇ ಮೊದಲು ಹಾಕಿದ್ದಾರೆ. ಕೆಳಗೆ, "ಸರ್ಟಿಫಿಕೇಟ್ ಲಭ್ಯ".