ಯೂರಿನ್ ಪ್ರೋಟೀನ್ ಸ್ಟ್ರಿಪ್: ಎರಡು ವರ್ಷ ಬಳಸಿದ ಮೇಲೆ

ಅವ್ವನಿಗೆ ಶುಗರ್, ಬಿಪಿ ಎರಡೂ ಇದೆ. ಕಿಡ್ನಿ ಮೇಲೆ ಒಂದು ಕಣ್ಣಿರಲಿ ಅಂತ ಡಾಕ್ಟರ್ ಹೇಳಿದ ಮೇಲೆ ಈ ಸ್ಟ್ರಿಪ್ ಡಬ್ಬಿ ತಂದೆ. ನಮ್ಮ ತೋಟ ನಾಪೋಕ್ಲು ಕಡೆ. ಲ್ಯಾಬಿಗೆ ಹೋಗಿ ಬಂದರೆ ಅರ್ಧ ದಿನ ಹೋಯಿತು ಅಂತಲೇ ಲೆಕ್ಕ.

ಭಾನುವಾರ ಬೆಳಿಗ್ಗೆ, ಕಾಫಿಗೂ ಮುಂಚೆ ಈ ಕೆಲಸ. ಸ್ಟ್ರಿಪ್ ಅದ್ದಿ ತೆಗೆದು, ಅಂಚನ್ನು ಕಾಗದಕ್ಕೆ ಒರೆಸಿ, 60 ಸೆಕೆಂಡ್ ಕಾಯಬೇಕು. ಎಣಿಸುವುದು ಅವ್ವನೇ. ಹಳದಿ ಹಾಗೇ ಉಳಿದರೆ ಸಮಾಧಾನ, ಹಸಿರಿಗೆ ತಿರುಗಿದಷ್ಟೂ ಪ್ರೋಟೀನ್ ಜಾಸ್ತಿ. ಜಡಿಮಳೆಯಲ್ಲಿ ಬೆಳಕೂ ಇರಲ್ಲ, ಕರೆಂಟೂ ಇರಲ್ಲ. ಮೊಬೈಲ್ ಟಾರ್ಚ್ ಹಿಡಿದು ಬಣ್ಣ ಹೋಲಿಸುತ್ತೇವೆ. ಮುಚ್ಚಳ ಮಾತ್ರ ತಕ್ಷಣ ಬಿಗಿಯಬೇಕು. ಜುಲೈನಲ್ಲಿ ಒಂದು ರಾತ್ರಿ ಸಡಿಲ ಬಿಟ್ಟಿದ್ದಕ್ಕೆ ಥಂಡಿ ಹಿಡಿದು ಇಡೀ ಡಬ್ಬಿ ಹಾಳಾಯಿತು. ಅವ್ವನ ಮಟ್ಟಿಗೆ ಇದು ಒಳ್ಳೆಯ ವಸ್ತು.

ಕಳೆದ ವರ್ಷ ಕಾಫಿ ಕೊಯ್ಲಿನ ಹೊತ್ತಿಗೆ ಅಪ್ಪನಿಗೆ ಬೆನ್ನು ನೋವು, ಸುಸ್ತು ಶುರುವಾಯಿತು. ಮೂತ್ರದಲ್ಲಿ ನೊರೆ ಬರುತ್ತಿದೆ ಅಂದರು. ಅದೇ ಡಬ್ಬಿಯಿಂದ ಒಂದು ಸ್ಟ್ರಿಪ್ ಅದ್ದಿ ನೋಡಿದೆ. ಹಳದಿ. "ಏನಿಲ್ಲಪ್ಪ, ಮೂಟೆ ಎತ್ತಿದ್ದಕ್ಕೆ ಇರಬೇಕು" ಅಂದೆ. ಎರಡು ತಿಂಗಳು ಹಾಗೇ ಹೋಯಿತು. ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆಯಲ್ಲಿ ಸಂಕಟ.

ಕೊನೆಗೆ ಮೈಸೂರಿನ ಲ್ಯಾಬೊಂದರಲ್ಲಿ ಟೆಕ್ನಿಷಿಯನ್ ಅಪ್ಪನ ಮೂತ್ರವನ್ನು ನನ್ನೆದುರೇ ಪರೀಕ್ಷೆ ಮಾಡಿ ತೋರಿಸಿದರು. ಸ್ಟ್ರಿಪ್ ಅದ್ದಿದರು, ಹಳದಿಯೇ. ಅದೇ ಮೂತ್ರಕ್ಕೆ ಸಲ್ಫೋಸ್ಯಾಲಿಸಿಲಿಕ್ ಆಸಿಡ್ ಹಾಕಿದರು. ಟ್ಯೂಬ್ ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಾಯಿತು.

ಸ್ಟ್ರಿಪ್ ಮುಖ್ಯವಾಗಿ ಹಿಡಿಯುವುದು ಆಲ್ಬುಮಿನ್ ಎಂಬ ರಕ್ತದ ಪ್ರೋಟೀನ್ ಒಂದನ್ನೇ. ಅಪ್ಪನದು ಮೈಲೋಮಾ, ಅಂದರೆ ಮೂಳೆಯ ಮಜ್ಜೆಯಲ್ಲಿ ಬರುವ ಒಂದು ಕ್ಯಾನ್ಸರ್. ಅದರಲ್ಲಿ ಮೂತ್ರಕ್ಕೆ ಬರುವುದು ಲೈಟ್ ಚೈನ್ ಎಂಬ, ಪ್ರತಿಕಾಯದ (ಆಂಟಿಬಾಡಿಯ) ತುಂಡು, ಅಂದರೆ 1847ರಲ್ಲಿ ವೈದ್ಯ ಹೆನ್ರಿ ಬೆನ್ಸ್ ಜೋನ್ಸ್ ವಿವರಿಸಿದ ಪ್ರೋಟೀನ್. ಅದು ಇದ್ದರೂ ಸ್ಟ್ರಿಪ್ ಬಣ್ಣ ಬದಲಾಗದೇ ಇರಬಹುದು. ಆಸಿಡ್‌ಗೆ ಆ ಭೇದವಿಲ್ಲ, ಯಾವ ಪ್ರೋಟೀನ್ ಇದ್ದರೂ ಕದಡುತ್ತದೆ. ಆಮೇಲೆ ಪ್ರೋಟೀನ್‌ಗಳನ್ನು ವಿದ್ಯುತ್ತಿನಿಂದ ಬೇರೆ ಬೇರೆ ಮಾಡುವ ಎಲೆಕ್ಟ್ರೋಫೋರೆಸಿಸ್‌ನಲ್ಲಿ ಒಂದು ಚೂಪು ಪಟ್ಟೆ ಬಂತು. ಅದು ಕಪ್ಪಾ ಎಂಬ ಬಗೆಯ ಲೈಟ್ ಚೈನ್ ಅಂತ, ಯಾವ ಪ್ರೋಟೀನ್ ಅಂತ ಗುರುತಿಸುವ ಇಮ್ಯುನೋಫಿಕ್ಸೇಷನ್ ಟೆಸ್ಟ್ ಹೇಳಿತು. ದಿನಕ್ಕೆ 150 ಮಿಲಿಗ್ರಾಂ ಒಳಗಿರಬೇಕಾದ ಪ್ರೋಟೀನ್ 2 ಗ್ರಾಂ ದಾಟಿತ್ತು.

ಅದನ್ನು ಅಳೆಯಲು 24 ಗಂಟೆಯ ಕ್ಯಾನ್. ಬೆಳಿಗ್ಗೆಯ ಮೊದಲನೆಯದನ್ನು ಚೆಲ್ಲಿ, ಅಲ್ಲಿಂದ ಮರುದಿನ ಬೆಳಿಗ್ಗೆಯ ಮೊದಲನೆಯದರವರೆಗೆ ಒಂದನ್ನೂ ಬಿಡದೆ ಹಿಡಿಯಬೇಕು. ಅಪ್ಪ ತೋಟಕ್ಕೆ ಹೋಗುವಾಗ ಚೀಲದಲ್ಲಿ ಬಾಟಲಿ ಒಯ್ಯುತ್ತಾರೆ. ಕ್ಯಾನ್ ಫ್ರಿಜ್‌ನ ಕೆಳಗಿನ ತಟ್ಟೆಯಲ್ಲಿ. ಅವ್ವ ಅವತ್ತು ಹಾಲನ್ನೂ ಹೊರಗಿಡುತ್ತಾಳೆ. ರಕ್ತದಲ್ಲೇ ಲೈಟ್ ಚೈನ್ ಅಳೆಯುವ ಟೆಸ್ಟ್ ಕೂಡ ಇದೆ. ಡಾಕ್ಟರ್ ಅದನ್ನೂ ಬರೆಯುತ್ತಾರೆ. ಕಾಫಿ ದುಡ್ಡು ವರ್ಷಕ್ಕೊಮ್ಮೆ ಬರುವ ನಮಗೆ ಅದು ಭಾರವೇ, ಆದರೂ ಬಿಡುವುದಿಲ್ಲ.

ಮನೆಗೆ ಬಂದು ಡಬ್ಬಿಯ ಚೀಟಿ ಬಿಡಿಸಿ ನೋಡಿದೆ. ಸ್ಟ್ರಿಪ್ ಹಳದಿಯಾಗಿದ್ದರೂ ಬೇರೆ ಪ್ರೋಟೀನ್ ಇರಬಹುದು ಅಂತ ಅಲ್ಲೇ ಬರೆದಿದೆ, ಇರುವೆ ಕಾಲಿನಷ್ಟು ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ. ಆ ಒಂದು ಸಾಲು ಡಬ್ಬಿಯ ಮೇಲೆ, ಕನ್ನಡದಲ್ಲಿ, ಬಣ್ಣದ ಪಟ್ಟಿಯ ಪಕ್ಕದಲ್ಲೇ ಇರಬೇಕಿತ್ತು.

ಅವ್ವನಿಗೆ ಇನ್ನೊಂದು ಡಬ್ಬಿ ತರುತ್ತೇನೆ. ಮುಚ್ಚಳದ ಮೇಲೆ ಮಾರ್ಕರ್‌ನಲ್ಲಿ "ಅವ್ವನಿಗೆ ಮಾತ್ರ" ಅಂತ ಬರೆದಿಡುತ್ತೇನೆ.