ಟೂರಿಂಗ್ ಬೈಕಿಗೆ ಕಾರಿನ ಸಿಂಥೆಟಿಕ್ ಆಯಿಲ್ ತುಂಬಿಸಿಕೊಳ್ಳಬೇಡಿ: ನನ್ನ ಕ್ಲಚ್ ಪ್ಲೇಟ್ ಸುಟ್ಟುಹೋಗಿದ್ದು ಹೀಗೆ

ದೂರದ ಪ್ರಯಾಣಕ್ಕೆ ಹೊರಡುವ ಮುಂಚೆ ಆಯಿಲ್ ಬದಲಾಯಿಸೋಕೆ ಬೈಕನ್ನು ಗ್ಯಾರೇಜಿಗೆ ಬಿಟ್ಟು ಬರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಡಬ್ಬಿಯ ಮೇಲೆ ‘ಫುಲ್ಲಿ ಸಿಂಥೆಟಿಕ್’ ಅಂತ ದಪ್ಪಕ್ಷರದಲ್ಲಿ ಇದ್ದ ಮಾತ್ರಕ್ಕೆ ಆ ಆಯಿಲ್ ನಿಮ್ಮ ಬೈಕಿಗೆ ಒಗ್ಗುತ್ತೆ ಅಂತಲ್ಲ. ನನ್ನ ಬೈಕಿಗೆ ಗ್ಯಾರೇಜಿನವರು ಕಾರಿನ ಸಿಂಥೆಟಿಕ್ ಆಯಿಲ್ ತುಂಬಿ ಕಳಿಸಿದರು. ಕ್ಲಚ್ ಪ್ಲೇಟ್ ಸೆಟ್ಟೇ ಹೋಯಿತು. ಅದೂ ಎಲ್ಲಿ? ಹಿಂದೆ ಹೆಂಡತಿ ಕೂತಿದ್ದಾಗ, ಏರುದಾರಿಯಲ್ಲಿ, ಲಾರಿಯೊಂದನ್ನು ಹಿಂದೆ ಹಾಕುತ್ತಿರುವಾಗ.

ಜಾಬ್ ಕಾರ್ಡಿನಲ್ಲಿ ನಾನು ಬರೆಸಿದ್ದು 10ಡಬ್ಲ್ಯೂ-40 (ಆಯಿಲ್ ಎಷ್ಟು ಮಂದ ಅನ್ನೋ ಗ್ರೇಡ್), ಜಾಸೋ ಎಂಎ2 (ಬೈಕಿನ ಕ್ಲಚ್ಚಿಗೆ ಒಗ್ಗುತ್ತೆ ಅನ್ನೋ ದರ್ಜೆ). ನನ್ನ ಬೈಕಿನ ಮ್ಯಾನ್ಯುಯಲ್ ಹೇಳೋದೂ ಅದನ್ನೇ. ಸಂಜೆ ಹೋಗಿ ಬೈಕ್ ತಗೊಂಡಾಗ ಎಲ್ಲ ಸರಿಯಾಗೇ ಇತ್ತು. ಎಂಜಿನ್ ಸದ್ದು ಕಡಿಮೆಯಾಗಿತ್ತು, ಗೇರ್ ನಯವಾಗಿ ಬೀಳುತ್ತಿತ್ತು. ಹೊಸ ಆಯಿಲ್ ಬಿದ್ದಾಗ ಯಾವ ಬೈಕಾದರೂ ಹಾಗೇ ಇರುತ್ತೆ, ಅದರಿಂದ ಏನೂ ತಿಳಿಯೋದಿಲ್ಲ.

ಸಪಾಟು ರಸ್ತೆಯಲ್ಲಿ ತೊಂದರೆ ಕಾಣಲಿಲ್ಲ. ಏರು ಶುರುವಾದ ಮೇಲೆ, ಎರಡೂ ಕಡೆ ತುಂಬಿದ ಪೆಟ್ಟಿಗೆ, ಕಾದ ಎಂಜಿನ್. ಲಾರಿ ದಾಟೋಕೆ ಅಂತ ಬಲಕ್ಕೆ ತೆಗೆದು ಥ್ರಾಟಲ್ ತಿರುಗಿಸಿದೆ. ಆರ್‌ಪಿಎಂ ಮುಳ್ಳು ಒಮ್ಮೆಲೇ ಮೇಲಕ್ಕೆ ಹಾರಿತು, ಎಂಜಿನ್ ಕಿರುಚಿತು, ಆದರೆ ಬೈಕ್ ಮುಂದಕ್ಕೆ ಹೋಗಲೇ ಇಲ್ಲ. ಸ್ಪೀಡೋಮೀಟರ್ ಇದ್ದಲ್ಲೇ ಇತ್ತು. ಎಡಕ್ಕೆ ಲಾರಿಯ ಹಿಂದಿನ ಚಕ್ರ, ಎದುರಿಗೆ ತಿರುವು. ಥ್ರಾಟಲ್ ಬಿಟ್ಟು, ಬ್ರೇಕ್ ಒತ್ತಿ ಲಾರಿಯ ಹಿಂದಕ್ಕೆ ಸರಿದೆ. ಎದುರಿನಿಂದ ಆ ಕ್ಷಣ ಯಾವ ಗಾಡಿಯೂ ಬರಲಿಲ್ಲ ಅನ್ನೋದೊಂದೇ ನಮ್ಮನ್ನು ಉಳಿಸಿತು. ಪಕ್ಕಕ್ಕೆ ನಿಲ್ಲಿಸಿದಾಗ ಕ್ಲಚ್ ಸುಟ್ಟ ಘಾಟು ಹೆಲ್ಮೆಟ್ ಒಳಗೂ ಬರುತ್ತಿತ್ತು.

ಕ್ಲಚ್ ಕೇಬಲ್ ಬಿಗಿಯಾಗಿ ಲಿವರ್‌ಗೆ ಆಟವೇ ಇಲ್ಲದಿದ್ದರೂ ಕ್ಲಚ್ ಜಾರುತ್ತೆ. ಹಾಗಾಗಿ ಮೊದಲು ಅದನ್ನೇ ನೋಡಿದೆ. ಸರಿಯಾಗಿತ್ತು. ಗ್ಯಾರೇಜಿಗೆ ಫೋನ್ ಮಾಡಿ, ಯಾವ ಆಯಿಲ್ ಹಾಕಿದ್ದೀರಿ ಅಂತ ಕೇಳಿದೆ. “ಸರ್, ನೀವು ಬರೆಸಿದ್ದಕ್ಕಿಂತ ಒಳ್ಳೇದನ್ನೇ ಹಾಕಿದ್ದೀನಿ. ಕಾರಿಗೆ ಹಾಕೋ ಫುಲ್ಲಿ ಸಿಂಥೆಟಿಕ್, 5ಡಬ್ಲ್ಯೂ-30. ನಿಮ್ಮ ಕ್ಲಚ್ಚೇ ಹಳೇದಾಗಿರಬೇಕು” ಅಂದರು. ಮಾತಿನಲ್ಲಿ ಕೆಟ್ಟ ಉದ್ದೇಶ ಇರಲಿಲ್ಲ, ಒಳ್ಳೇದು ಮಾಡಿದ್ದೀನಿ ಅಂತಲೇ ನಂಬಿದ್ದರು. ನನಗೆ ಹೆಚ್ಚು ಭಯ ಆಗಿದ್ದು ಅದಕ್ಕೇ. ಆ ಗ್ಯಾರೇಜಿನಲ್ಲಿ ಇನ್ನೆಷ್ಟು ಬೈಕಿಗೆ ಇದೇ ‘ಒಳ್ಳೇದು’ ಬಿದ್ದಿದೆಯೋ.

ಕಾರಿನಲ್ಲಿ ಎಂಜಿನ್ ಆಯಿಲ್ ಎಂಜಿನ್‌ಗೆ ಮಾತ್ರ. ಗೇರ್‌ಬಾಕ್ಸಿಗೆ ಬೇರೆ ಆಯಿಲ್, ಕ್ಲಚ್ ಒಣಗಿರುತ್ತೆ. ನಮ್ಮ ಬಹುಪಾಲು ಬೈಕುಗಳಲ್ಲಿ ಎಂಜಿನ್, ಗೇರ್, ಕ್ಲಚ್ ಮೂರೂ ಒಂದೇ ಆಯಿಲ್‌ನಲ್ಲಿ ಮುಳುಗಿರುತ್ತವೆ. ಕ್ಲಚ್ ಪ್ಲೇಟುಗಳು ಒಂದನ್ನೊಂದು ಗಟ್ಟಿಯಾಗಿ ಹಿಡಿದುಕೊಂಡರೆ ಮಾತ್ರ ಎಂಜಿನ್ ಶಕ್ತಿ ಚಕ್ರಕ್ಕೆ ಹೋಗುತ್ತೆ. ಕಾರಿನ ತೆಳು ಆಯಿಲ್‌ಗಳಿಗೆ ಇಂಧನ ಉಳಿಯಲಿ ಅಂತ ಮಾಲಿಬ್ಡಿನಂನಂಥ ಘರ್ಷಣೆ ತಗ್ಗಿಸುವ ಸಂಯೋಜಕಗಳನ್ನು ಸೇರಿಸಿರುತ್ತಾರೆ. ಪಿಸ್ಟನ್‌ಗೆ ಅದು ಒಳ್ಳೆಯದು. ಹಿಡಿತವೇ ಕೆಲಸವಾಗಿರುವ ಕ್ಲಚ್ ಪ್ಲೇಟಿಗೆ ಮಾತ್ರ ಅದು ಎಣ್ಣೆ ಸವರಿದ ಕೈಯಲ್ಲಿ ಹಗ್ಗ ಎಳೆದ ಹಾಗೆ. ನಿಧಾನಕ್ಕೆ ಹೋಗುವಾಗ ಗೊತ್ತಾಗಲ್ಲ. ಭಾರ, ಏರು, ಬಿಸಿ ಮೂರೂ ಸೇರಿದಾಗ ಜಾರುತ್ತೆ. ಅಂದರೆ ಟೂರಿಂಗ್‌ನಲ್ಲೇ ಜಾರುತ್ತೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯೂ ಓಡಾಡುತ್ತಿದೆ: ಸಿಂಥೆಟಿಕ್ ಹಾಕಿದರೆ ಕ್ಲಚ್ ಜಾರುತ್ತೆ ಅಂತ. ಹಾಗಲ್ಲ. ಸಿಂಥೆಟಿಕ್ ಮೂಲ ತೈಲದಿಂದ ಕ್ಲಚ್ ಜಾರುವುದಿಲ್ಲ. ಜಾರಿಸೋದು ಆ ಸಂಯೋಜಕಗಳು. ಬೈಕಿಗಾಗಿಯೇ ಮಾಡಿದ ಸಿಂಥೆಟಿಕ್ ಆಯಿಲ್ ಬಿಸಿಯಲ್ಲಿ ಬೇಗ ಕೆಡೋದಿಲ್ಲ, ಚಳಿಯಲ್ಲಿ ಬೇಗ ಹರಿಯುತ್ತೆ. ಉದ್ದ ಸವಾರಿಗೆ ನಾನು ಈಗಲೂ ಅದನ್ನೇ ಹಾಕೋದು.

ಹಾಗಾದರೆ ಡಬ್ಬಿಯಲ್ಲಿ ಏನು ನೋಡಬೇಕು? ಮೊದಲು ಅದನ್ನು ತಿರುಗಿಸಿ ಹಿಂಬದಿ ನೋಡಿ. ಜಪಾನಿನ ಜಾಸೋ ಸಂಸ್ಥೆ 1998ರಲ್ಲಿ ಫೋರ್ ಸ್ಟ್ರೋಕ್ ಬೈಕ್ ಆಯಿಲ್‌ಗಳಿಗೆ ಟಿ903 ಅನ್ನೋ ಮಾನದಂಡ ತಂದಿತು. ಅದರಲ್ಲಿ ಕ್ಲಚ್ ಹಿಡಿತವನ್ನೇ ಪರೀಕ್ಷೆ ಮಾಡಿ ದರ್ಜೆ ಕೊಡುತ್ತಾರೆ. ಎಂಎ ಅಂದರೆ ಆಯಿಲ್‌ನಲ್ಲಿ ಮುಳುಗಿದ ಕ್ಲಚ್ಚಿಗೆ ಸರಿ. 2006ರಲ್ಲಿ ಅದನ್ನೇ ಎಂಎ1, ಎಂಎ2 ಅಂತ ಒಡೆದರು. ಹಿಡಿತ ಹೆಚ್ಚಿರೋದು ಎಂಎ2. ಎಂಬಿ ಅಂದರೆ ಘರ್ಷಣೆ ಕಡಿಮೆ, ಅದು ಒಣ ಕ್ಲಚ್ಚಿನ ಸ್ಕೂಟರುಗಳಿಗೆ. ಕ್ಲಚ್ ಆಯಿಲ್‌ನಲ್ಲಿ ಮುಳುಗಿರುವ ಬೈಕಿಗೆ ಎಂಬಿ ಬೇಡವೇ ಬೇಡ. ಅಕ್ಷರ ಒಂದೇ ಬದಲು, ಅವಸರದಲ್ಲಿ ಕಣ್ಣು ತಪ್ಪುತ್ತೆ.

ಜಾಸೋ ಗುರುತು ಒಂದು ಸಣ್ಣ ಚೌಕ. ಮೇಲೆ ಆ ಆಯಿಲ್‌ನ ನೋಂದಣಿ ಸಂಕೇತ, ಕೆಳಗೆ ದರ್ಜೆ. ನೋಂದಾಯಿಸಿದ ಆಯಿಲ್‌ಗಳ ಪಟ್ಟಿ ಇಂಟರ್‌ನೆಟ್ಟಿನಲ್ಲಿ ಯಾರಿಗಾದರೂ ಸಿಗುತ್ತೆ. ಚೌಕ ಇಲ್ಲದೆ ‘ಜಾಸೋ ಎಂಎ2ಗೆ ಸರಿಹೊಂದುತ್ತದೆ’ ಅಂತ ಬರೀ ಸಾಲು ಮಾತ್ರ ಬರೆದಿರುವ ಡಬ್ಬಿಗಳೂ ಇವೆ. ಅವೆಲ್ಲ ಕೆಟ್ಟವು ಅಂತ ನಾನು ಹೇಳೋದಿಲ್ಲ, ಆದರೆ ಎರಡೂ ಎದುರಿಗಿದ್ದರೆ ಸಂಕೇತ ಇರೋದನ್ನೇ ತಗೊಳ್ಳಿ.

ಇನ್ನೊಂದು ಗುರುತು ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಎಪಿಐನ ದುಂಡು ಮುದ್ರೆ. ಮೇಲೆ ಎಸ್‌ಎನ್ (2010ರಲ್ಲಿ ಬಂದದ್ದು), ಎಸ್‌ಪಿ (2020ರಲ್ಲಿ ಬಂದದ್ದು) ಥರದ ದರ್ಜೆ, ನಡುವೆ ಗ್ರೇಡ್. ಕೆಳಗಿನ ಅರ್ಧವೃತ್ತದಲ್ಲಿ ‘ರಿಸೋರ್ಸ್ ಕನ್ಸರ್ವಿಂಗ್’ ಅಂತ ಇದ್ದರೆ, ಹಳೆಯ ಡಬ್ಬಿಗಳಲ್ಲಿ ‘ಎನರ್ಜಿ ಕನ್ಸರ್ವಿಂಗ್’ ಅಂತ ಇದ್ದರೆ, ಅದು ಇಂಧನ ಉಳಿಸೋಕೆ ಘರ್ಷಣೆ ತಗ್ಗಿಸಿದ ಆಯಿಲ್, ಅಲ್ಲೇ ಇಟ್ಟುಬಿಡಿ. ನನ್ನ ಬೈಕಿಗೆ ಬಿದ್ದ ಆಯಿಲ್‌ನ ಖಾಲಿ ಡಬ್ಬಿಯನ್ನು ಆಮೇಲೆ ಗ್ಯಾರೇಜಿನಲ್ಲೇ ನೋಡಿದೆ. ಆ ಪದಗಳು ಅಲ್ಲೇ ಇದ್ದವು, ಕಣ್ಣಿಗೆ ಹೊಡೆಯುವ ಹಾಗೆ. ಸುರಿಯುವ ಮುಂಚೆ ಯಾರೂ ಓದಿರಲಿಲ್ಲ.

ಗ್ರೇಡ್ ವಿಷಯದಲ್ಲೂ ಜಾಗ್ರತೆ. ಗ್ರೇಡ್ ನಿಗದಿ ಮಾಡುವ ಎಸ್‌ಎಇ ಸಂಸ್ಥೆಯ ಲೆಕ್ಕದಲ್ಲಿ 40ರ ಆಯಿಲ್ (10ಡಬ್ಲ್ಯೂ-40ರ ಕೊನೆಯ ಅಂಕಿ) 100 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಕನಿಷ್ಠ 12.5 ಸೆಂಟಿಸ್ಟೋಕ್ ಮಂದವಾಗಿರಬೇಕು, 30ರದ್ದಕ್ಕೆ 9.3 ಸಾಕು. ಸಾಲದ್ದಕ್ಕೆ ಬೈಕಿನ ಗೇರ್ ಹಲ್ಲುಗಳು ಆಯಿಲ್‌ನಲ್ಲಿರುವ ಉದ್ದುದ್ದ ಪಾಲಿಮರ್ ಎಳೆಗಳನ್ನು ಕತ್ತರಿಸಿ ಇನ್ನಷ್ಟು ತೆಳು ಮಾಡುತ್ತವೆ. 30ರಲ್ಲೇ ಶುರು ಮಾಡಿದ ಆಯಿಲ್ ಬೇಗ ಅದಕ್ಕೂ ಕೆಳಗಿಳಿಯುತ್ತೆ. ಕೆಲವು ಬೈಕುಗಳಿಗೆ ಕಂಪನಿಯೇ 10ಡಬ್ಲ್ಯೂ-30 ಹೇಳಿರುತ್ತೆ, ಅಲ್ಲಿ ಅದೇ ಸರಿ. ಮ್ಯಾನ್ಯುಯಲ್ ಬಿಟ್ಟು ಆಚೆ ಈಚೆ ಹೋಗಬೇಡಿ.

‘ಸಿಂಥೆಟಿಕ್’ ಅನ್ನೋ ಹಣೆಪಟ್ಟಿಯನ್ನೂ ಕಣ್ಣುಮುಚ್ಚಿ ನಂಬಬೇಡಿ. ಮೊದಲು ರಾಸಾಯನಿಕವಾಗಿ ಕಟ್ಟಿದ ತೈಲಕ್ಕೆ ಮಾತ್ರ ಆ ಹೆಸರಿತ್ತು. ಆಯಿಲ್ ಕಂಪನಿ ಕ್ಯಾಸ್ಟ್ರಾಲ್ ತನ್ನದನ್ನು ಸಿಂಥೆಟಿಕ್ ಅಂತ ಜಾಹೀರಾತು ಮಾಡಿದಾಗ, ಅದು ಸಿಂಥೆಟಿಕ್ ಅಲ್ಲ ಅಂತ ಪ್ರತಿಸ್ಪರ್ಧಿ ಮೊಬಿಲ್ ಅಮೆರಿಕದಲ್ಲಿ ದೂರು ಕೊಟ್ಟಿತ್ತು. 1999ರಲ್ಲಿ ತೀರ್ಪು ಕ್ಯಾಸ್ಟ್ರಾಲ್ ಕಡೆಗೇ ಬಂತು. ಅಲ್ಲಿಂದೀಚೆಗೆ ಕಚ್ಚಾತೈಲವನ್ನೇ ಬಹಳ ಶುದ್ಧ ಮಾಡಿ ತೆಗೆದ ಗ್ರೂಪ್ 3 ತೈಲವನ್ನೂ ಅಲ್ಲಿ ಸಿಂಥೆಟಿಕ್ ಅಂತ ಮಾರುತ್ತಾರೆ. ಗ್ರೂಪ್ 3 ಕಳಪೆ ಏನಲ್ಲ, ಚೆನ್ನಾಗೇ ಕೆಲಸ ಮಾಡುತ್ತೆ. ಆದರೆ ಡಬ್ಬಿಯ ಮುಂಭಾಗದ ಆ ಒಂದು ಪದ ಕ್ಲಚ್ ಬಗ್ಗೆ ಏನೂ ಹೇಳೋದಿಲ್ಲ.

‘ನಾನು ಕಾರಿನ ಆಯಿಲ್ಲೇ ಹಾಕ್ತೀನಿ, ಏನೂ ಆಗಿಲ್ಲ’ ಅನ್ನುವವರು ಖಂಡಿತ ಇರುತ್ತಾರೆ. ಘರ್ಷಣೆ ತಗ್ಗಿಸುವ ಸಂಯೋಜಕ ಇಲ್ಲದ ಮಂದ ಆಯಿಲ್ ಆಗಿದ್ದರೆ ಆಗದೇ ಇರಬಹುದು. ಕಂಪನಿ ನಾಳೆ ಮಿಶ್ರಣ ಬದಲಿಸಿದರೆ ಅವರಿಗೆ ಯಾರು ಹೇಳುತ್ತಾರೆ? ಒಣ ಕ್ಲಚ್ಚಿನ ಹಳೆಯ ಬಿಎಂಡಬ್ಲ್ಯೂ ಬಾಕ್ಸರ್ ಬೈಕುಗಳ ಮಾತು ಬೇರೆ, ಅವುಗಳ ಅನುಭವವನ್ನು ನಮ್ಮ ಬೈಕಿಗೆ ತಂದು ಹಚ್ಚಬೇಡಿ.

ಗ್ಯಾರೇಜಿಗೆ ಹೋದಾಗ ಡಬ್ಬಿಯ ಸೀಲ್ ನಿಮ್ಮೆದುರೇ ಒಡೆಯಲಿ. ಒಡೆಯುವ ಮುಂಚೆ ಅದರ ಹಿಂಬದಿಯ ಫೋಟೋ ತೆಗೆದುಕೊಳ್ಳಿ. ಡ್ರಮ್ಮಿನಿಂದ ಜಗ್ಗಿಗೆ ಸುರಿದು ತರುವ ಆಯಿಲ್ ಎಷ್ಟೇ ಒಳ್ಳೆಯದು ಅಂದರೂ ಒಪ್ಪಬೇಡಿ. ಇದನ್ನು ಕೇಳಿದರೆ ಮುಖ ಗಂಟು ಹಾಕುವ ಗ್ಯಾರೇಜಿಗೆ ಮತ್ತೆ ಹೋಗಬೇಡಿ.

ಈಗಾಗಲೇ ತಪ್ಪು ಆಯಿಲ್ ಬಿದ್ದಿದೆ ಅನ್ನೋ ಅನುಮಾನ ಇದ್ದರೆ, ಖಾಲಿ ರಸ್ತೆಯಲ್ಲಿ ಟಾಪ್ ಗೇರಿನಲ್ಲಿ, ನಡು ಆರ್‌ಪಿಎಂನಲ್ಲಿ ಥ್ರಾಟಲ್ ಜೋರಾಗಿ ತಿರುಗಿಸಿ. ವೇಗ ಏರದೆ ಮುಳ್ಳು ಮಾತ್ರ ಓಡಿದರೆ ಕ್ಲಚ್ ಜಾರುತ್ತಿದೆ. ಅದರ ಮೇಲೇ ಇನ್ನೊಂದಷ್ಟು ದೂರ ಓಡಿಸಿ ನೋಡೋಣ ಅನ್ನಬೇಡಿ. ಕೂಡಲೇ ಆಯಿಲ್ ಪೂರ್ತಿ ಇಳಿಸಿ, ಫಿಲ್ಟರ್ ಬದಲಿಸಿ, ಸರಿಯಾದದ್ದನ್ನು ತುಂಬಿದರೆ ಎಷ್ಟೋ ಸಲ ಹಿಡಿತ ವಾಪಸ್ ಬರುತ್ತೆ. ನನ್ನ ಬೈಕಿನಲ್ಲಿ ಆ ಹಂತ ದಾಟಿಹೋಗಿತ್ತು. ಬಿಚ್ಚಿದಾಗ ಘರ್ಷಣೆ ಪ್ಲೇಟುಗಳ ಮೈ ಗಾಜಿನಂತೆ ಹೊಳೆಯುತ್ತಿತ್ತು, ಉಕ್ಕಿನ ಪ್ಲೇಟುಗಳ ಮೇಲೆ ನೀಲಿ ಕಲೆ ಬಿದ್ದಿತ್ತು. ಹಾಗಾದ ಮೇಲೆ ಯಾವ ಆಯಿಲ್ ಹಾಕಿದರೂ ಪ್ರಯೋಜನ ಇಲ್ಲ, ಎರಡು ಬಗೆಯ ಪ್ಲೇಟುಗಳನ್ನೂ ಬದಲಿಸಬೇಕು. ಹೊಸ ಘರ್ಷಣೆ ಪ್ಲೇಟುಗಳನ್ನು ಕೂರಿಸುವ ಮುಂಚೆ ಸರಿಯಾದ ಬೈಕ್ ಆಯಿಲ್‌ನಲ್ಲಿ ಚೆನ್ನಾಗಿ ನೆನೆಸಬೇಕು, ಒಣಗಿದ್ದನ್ನೇ ಹಾಕಿಬಿಟ್ಟರೆ ಮೊದಲ ಏರಿನಲ್ಲೇ ಅವೂ ಸುಡಬಹುದು.